ಹಳೆಯ ದೂರಪ್ರಯಾಣದ ಕಾರು, ಮಲೆನಾಡಿನ ಮಳೆ: ಟೈರ್ ಆರಿಸುವುದು, ಹಿಡಿತ ಮರಳಿ ತರುವುದು

ಟೈರ್ ಅಂಗಡಿಗೆ ಹೋಗುವ ಮೊದಲು ಕಾರನ್ನು ಜಾಕಿ ಮೇಲೆ ಎತ್ತಿ ನೋಡಿ. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ. ನಾನು ಉಲ್ಟಾ ಮಾಡಿ ಕಲಿತವನು. ಕಾರು ತಂದ ಮೊದಲ ತಿಂಗಳಲ್ಲೇ ನಾಲ್ಕು ಹೊಸ ಟೈರ್ ಹಾಕಿಸಿದೆ. ಆರೇ ತಿಂಗಳಿಗೆ ಮುಂದಿನ ಎರಡರ ಒಳಅಂಚು ಬೋಳಾಯಿತು. ಟೈರ್ ಮಾಡಿದವರನ್ನು ಬೈದುಕೊಂಡು ಓಡಾಡಿದೆ. ಆದರೆ ಟೈರಿನ ತಪ್ಪು ಏನೂ ಇರಲಿಲ್ಲ. ಅದರ ಹಿಂದೆ ಅಡಗಿ ಕೂತಿದ್ದ, ಕಾರಿನಷ್ಟೇ ವಯಸ್ಸಿನ ರಬ್ಬರ್ ಬುಷ್‌ಗಳು, ಅಂದರೆ ಲೋಹದ ತೋಳುಗಳು ಸೇರುವ ಕಡೆ ಏಟು ನುಂಗಲು ಹಾಕಿದ ರಬ್ಬರ್ ಬಳೆಗಳು, ಸತ್ತು ಹೋಗಿದ್ದವು.

ನನ್ನದು 1996ರ ಮರ್ಸಿಡಿಸ್ ಇ220. ಡಬ್ಲ್ಯು124 ಎಂದು ಕರೆಯುವ ಪೀಳಿಗೆ. ಜರ್ಮನಿಯಲ್ಲಿ 1984ರ ಕೊನೆಗೆ ಬಂದ ಈ ಕಾರನ್ನು 1995ರಿಂದ ಪುಣೆಯಲ್ಲಿ, ಟಾಟಾದವರ ಟೆಲ್ಕೋ ಕಂಪನಿ ಜೊತೆಗಿನ ಪಾಲುದಾರಿಕೆಯಲ್ಲಿ ಜೋಡಿಸತೊಡಗಿದರು. ಗ್ರ್ಯಾಂಡ್ ಟೂರಿಂಗ್ ಕಾರು ಅಂದರೆ ಎರಡೇ ಬಾಗಿಲು ಇರಬೇಕು ಎಂದು ಹಟ ಹಿಡಿಯುವವರಿದ್ದಾರೆ. ಇರಲಿ. ಬೆಳಿಗ್ಗೆ ಶಿವಮೊಗ್ಗದಲ್ಲಿ ಕಾಫಿ ಕುಡಿದು ಹೊರಟರೆ ನಾಲ್ಕು ಜನ, ಅವರ ಲಗೇಜು, ಒಂದು ಚೀಲ ಅಡಿಕೆ ಎಲ್ಲವನ್ನೂ ಹೊತ್ತುಕೊಂಡು, ಸೊಂಟ ನೋಯಿಸದೆ ದೂರದ ಊರು ಮುಟ್ಟಿಸುವ ಕಾರು ಎಂಬ ಅರ್ಥದಲ್ಲಿ ಇದೂ ಅದೇ ಜಾತಿ. ನಿಮ್ಮದು ಹಳೆಯ ಬಿಎಂಡಬ್ಲ್ಯು, ಅಕಾರ್ಡ್, ಆಕ್ಟೇವಿಯಾ ಯಾವುದೇ ಆಗಿರಲಿ. ಅಂಕಿಗಳು ಬದಲಾಗುತ್ತವೆ, ಕೆಲಸದ ಸರದಿ ಬದಲಾಗುವುದಿಲ್ಲ.

ಮೊದಲು ರಸ್ತೆಯನ್ನು ಓದಿಕೊಳ್ಳಿ

ಟೈರ್ ಬಗ್ಗೆ ನಾವು ಓದುವ, ನೋಡುವ ಸಲಹೆಗಳಲ್ಲಿ ಬಹುಪಾಲು ಒಣ ಹೆದ್ದಾರಿಯಲ್ಲಿ ಓಡಿಸುವವರದ್ದು. ನಮ್ಮ ಕಥೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ರಸ್ತೆ ಒಣಗಿದ್ದನ್ನು ನೋಡುವುದೇ ಅಪರೂಪ. ಮರದ ನೆರಳಿರುವ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ. ದರೆಯಿಂದ ಕೆಂಪು ಮಣ್ಣು ಇಳಿದು ತಿರುವಿನಲ್ಲೇ ಹರಡಿಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೆ ರಸ್ತೆ ಬದಿಯಲ್ಲಿ ಸುರಿದ ಅಡಿಕೆ ಸಿಪ್ಪೆ ಬೇರೆ. ಒಂದು ಮಳೆ ಬಿದ್ದರೆ ಸಾಕು, ಅದರ ಮೇಲೆ ಬಾಳೆಹಣ್ಣಿನ ಸಿಪ್ಪೆ ತುಳಿದ ಹಾಗೇ.

ಇದಕ್ಕೆ ಗುಂಡಿ, ಗುರುತಿಲ್ಲದ ಹಂಪ್ಸು, ಡಾಂಬರಿನ ಅಂಚು ಕಿತ್ತು ಹೋದ ಕಿರುರಸ್ತೆ ಸೇರಿಸಿ. ಹಾಗಾಗಿ ನಮಗೆ ಬೇಕಾದ ಗುಣಗಳ ಸರದಿ ಇದು: ನೀರಿನಲ್ಲಿ ಹಿಡಿತ, ಆಮೇಲೆ ಏಟು ತಡೆಯುವ ಪಕ್ಕದ ಗೋಡೆ, ಆಮೇಲೆ ಸದ್ದಿಲ್ಲದ ಓಟ. ಒಣ ರಸ್ತೆಯಲ್ಲಿ ತಿರುವನ್ನು ಕಚ್ಚಿಕೊಂಡು ಹೋಗುವ ಶಕ್ತಿ ಕೊನೆಗೆ ಬರಲಿ.

ಜಾಕಿ, ಟಾರ್ಚು ಮತ್ತು ಒಂದು ಗಂಟೆ

ಸಮತಟ್ಟಾದ ಜಾಗ ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಚಕ್ರ ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕಿಯನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಚಕ್ರವನ್ನು ಮೇಲೆ ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಎಂದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ಲೋಹದ ತೋಳಿಗೆ ಸೇರಿಸುವ ಗುಂಡುಕೀಲು). 3 ಮತ್ತು 9ರ ಜಾಗದಲ್ಲಿ ಹಿಡಿದಾಗ ಮಾತ್ರ ಆಟ, ಅಂದರೆ ಸಡಿಲ ಕಂಡರೆ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸರಳು) ಕಡೆ ನೋಡಿ. ನನ್ನ ಕಾರಿನಲ್ಲಿ ಮುಂದಿನ ಸ್ಪ್ರಿಂಗ್ ಕೆಳಗಿನ ಆರ್ಮ್, ಅಂದರೆ ಆ ತೋಳಿನ ಮೇಲೆ ಕೂತಿದೆ. ಆದ್ದರಿಂದ ಬಾಲ್ ಜಾಯಿಂಟ್ ಮೇಲೆ ಸದಾ ಒತ್ತಡ ಇರುತ್ತದೆ, ಸವೆದಿದ್ದರೂ ಗೊತ್ತಾಗುವುದಿಲ್ಲ. ಜಾಕಿಯನ್ನು ಆ ಆರ್ಮ್ ಕೆಳಗೇ ಕೊಟ್ಟು ಎತ್ತಿದರೆ ಒತ್ತಡ ಬಿಡುತ್ತದೆ, ಆಟ ಕೈಗೆ ಸಿಗುತ್ತದೆ. ಚಾಸಿಸ್ ಹಿಡಿದು ಎತ್ತಿ "ಎಲ್ಲಾ ಗಟ್ಟಿ ಇದೆ ಸಾರ್" ಎಂದವರ ಮಾತು ಕೇಳಿ ನಾನು ಒಂದು ವರ್ಷ ಕಳೆದಿದ್ದೇನೆ.

ಆಮೇಲೆ ಟಾರ್ಚು ಹಿಡಿದು ರಬ್ಬರ್ ನೋಡಿ. ಕಂಟ್ರೋಲ್ ಆರ್ಮ್ ಬುಷ್, ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ರಬ್ಬರ್, ಶಾಕ್‌ನ ಮೇಲಿನ ಮೌಂಟಿಂಗ್. ಬಿರುಕು ಬಿಟ್ಟಿದೆಯಾ, ಒಂದು ಕಡೆಗೆ ಜಗ್ಗಿದೆಯಾ, ಎಣ್ಣೆ ಕುಡಿದು ಊದಿದೆಯಾ? ಮೂರರಲ್ಲಿ ಒಂದಿದ್ದರೂ ಬದಲಿಸಿ. ಹಿಂದೆ ಈ ಕಾರಿಗೆ ಒಂದೊಂದು ಚಕ್ರಕ್ಕೂ ಐದೈದು ಲಿಂಕ್, ಅಂದರೆ ಚಕ್ರವನ್ನು ಹಿಡಿದಿಡುವ ಸಣ್ಣ ತೋಳುಗಳು. ಹೊಸದಿದ್ದಾಗ ಇದರ ಹಿಂಬದಿ ಎಷ್ಟು ಚೆನ್ನಾಗಿ ನೆಲ ಹಿಡಿಯುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಆದರೆ ಐದು ಲಿಂಕ್ ಅಂದರೆ ಎರಡೂ ತುದಿಗೂ ಸವೆಯುವ ಜಾಗ. ಜೊತೆಗೆ ಸಬ್‌ಫ್ರೇಮ್ (ಆ ಲಿಂಕ್ ಹಿಡಿದಿರುವ ಚೌಕಟ್ಟು) ಹೊತ್ತ ನಾಲ್ಕು ದೊಡ್ಡ ರಬ್ಬರ್.

ಲಕ್ಷಣ ನೋಡಿ ರೋಗ ಹಿಡಿಯುವುದು ಹೀಗೆ. ನೇರ ರಸ್ತೆಯಲ್ಲಿ ಕಾರು ಅತ್ತಿತ್ತ ಅಲೆದರೆ ಐಡ್ಲರ್ ಆರ್ಮ್ (ಸ್ಟೀರಿಂಗ್ ಸರಳುಗಳ ಇನ್ನೊಂದು ಬದಿಯ ಆಸರೆ) ಬುಷ್, ಟೈ ರಾಡ್, ಕೊನೆಗೆ ಸ್ಟೀರಿಂಗ್ ಬಾಕ್ಸ್. ತಿರುವಿನ ನಡುವೆ ಗುಂಡಿ ಸಿಕ್ಕಾಗ ಹಿಂಬದಿ ತಾನೇ ಒಂದು ಗೇಣು ಪಕ್ಕಕ್ಕೆ ಸರಿದ ಹಾಗೆ ಅನ್ನಿಸಿದರೆ ಹಿಂದಿನ ಲಿಂಕ್‌ಗಳು. ಹಂಪ್ಸ್ ಇಳಿದ ಮೇಲೂ ದೋಣಿಯ ಹಾಗೆ ಎರಡು ಮೂರು ಸಲ ತೂಗಿದರೆ ಶಾಕ್ ಸತ್ತಿದೆ. 80ರಿಂದ 100ರ ನಡುವೆ ಮಾತ್ರ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್.

ಹಳೆಯ ಟೈರ್ ಕೂಡ ಸಾಕ್ಷಿ ಹೇಳುತ್ತದೆ, ಎಸೆಯುವ ಮುನ್ನ ಕೇಳಿಸಿಕೊಳ್ಳಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಂತ ಕೋನ) ಅಥವಾ ಬುಷ್. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಕೈ ಸವರಿದರೆ ಅಲೆ ಅಲೆಯಾಗಿ ತಗ್ಗು ದಿಬ್ಬ ಸಿಕ್ಕರೆ ಶಾಕ್.

ರಬ್ಬರ್ ಮೊದಲು, ಉಳಿದದ್ದು ಆಮೇಲೆ

ಈ ಹಂತಕ್ಕೆ ದುಡ್ಡು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹೊಸ ಅಲಾಯ್ ಹಾಕಿದರೆ ನಾಲ್ಕು ಜನ ನೋಡುತ್ತಾರೆ, ಹೊಸ ಬುಷ್ ಹಾಕಿದರೆ ಯಾರಿಗೆ ಕಾಣುತ್ತದೆ? ಆದರೆ ಹಳೆಯ ಕಾರಿನ ಓಟ ಹೆಚ್ಚು ಬದಲಾಗುವುದು ಇಲ್ಲೇ. ಹೊಸದಾಗಿ ಏನನ್ನೋ ಸೇರಿಸುವ ಕೆಲಸ ಅಲ್ಲ ಇದು, ಕಳೆದುಹೋದದ್ದನ್ನು ವಾಪಸ್ ತರುವುದು.

ಪಾಲಿಯುರೆಥೇನ್ ಬುಷ್ ಹಾಕಿ, ಗಟ್ಟಿಯಾಗುತ್ತೆ ಎಂದು ಸಲಹೆ ಬರುತ್ತದೆ. ನನ್ನ ಮಟ್ಟಿಗೆ ಬೇಡ. ಗಟ್ಟಿಯಾಗುವುದು ನಿಜ. ಅದರ ಜೊತೆಗೇ ರಸ್ತೆಯ ಪ್ರತಿ ಜಲ್ಲಿಕಲ್ಲೂ ಸೀಟಿಗೆ ಬಂದು ಮಾತಾಡಿಸುತ್ತದೆ. ಹಿಂದಿನ ಐದು ಲಿಂಕ್‌ಗಳಲ್ಲಿ ಕೆಲವು ಬುಷ್ ತಿರುಚಿಕೊಳ್ಳಲೇಬೇಕು, ಅದಕ್ಕೆ ಮೆತ್ತಗಿನ ರಬ್ಬರೇ ಸರಿ. ಕಂಪನಿಯ ರಬ್ಬರ್, ಇಲ್ಲವೇ ಕಂಪನಿಗೆ ಮಾಡಿಕೊಡುವವರ ರಬ್ಬರ್ ತನ್ನಿ. ಲೆಮ್‌ಫೋರ್ಡರ್, ಫೆಬಿ ಹೆಸರುಗಳನ್ನು ಕೇಳಿ.

ಈಗ ಬುಷ್ ಬಿಗಿ ಮಾಡುವ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿ ಮಾಡಬೇಕಾದದ್ದು ಕಾರು ತನ್ನ ಚಕ್ರಗಳ ಮೇಲೆ ನಿಂತಾಗ. ಲಿಫ್ಟ್ ಮೇಲೆ ಚಕ್ರ ಜೋತಾಡುವಾಗ ಬಿಗಿ ಮಾಡಿದರೆ ಬುಷ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರು ಸ್ವಲ್ಪ ಎತ್ತರಕ್ಕೂ ನಿಲ್ಲುತ್ತದೆ, ಅಲೈನ್‌ಮೆಂಟ್ ಸುಳ್ಳಾಗುತ್ತದೆ. ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ನನ್ನ ಮೊದಲ ಸೆಟ್ ಬುಷ್ ಹೀಗೇ ಹಾಳಾಯಿತು. ವಾಪಸ್ ತೆಗೆದುಕೊಂಡು ಹೋದರೆ "ಪಾರ್ಟ್ಸ್ ಡೂಪ್ಲಿಕೇಟ್ ಇರಬೇಕು" ಎಂದರು. ಎರಡನೇ ಸಲ ಶಿವಮೊಗ್ಗದಲ್ಲೇ ಮಾಡಿಸಿದೆ. ಇಲ್ಲಿಯ ಮೇಸ್ತ್ರಿ ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಕಾರನ್ನು ಗ್ಯಾರೇಜಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಒಂದೊಂದಾಗಿ ಬಿಗಿ ಮಾಡಿದರು. "ಕೂತ ಮೇಲೆ ಪಂಚೆ ಸರಿ ಮಾಡ್ಕೋಬೇಕು ಮಾರಾಯ್ರೇ, ನಿಂತಾಗಲೇ ಬಿಗಿದ್ರೆ ಹರಿಯುತ್ತೆ" ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ.

ಸ್ಟೀರಿಂಗ್ ಬಾಕ್ಸಿನ ಮೇಲೆ ಒಂದು ಸ್ಕ್ರೂ ಇದೆ. ಆಟ ಕಮ್ಮಿ ಮಾಡಲು ಎಲ್ಲರ ಕೈಯೂ ಮೊದಲು ಅಲ್ಲಿಗೇ ಹೋಗುತ್ತದೆ. ಬೇಡ. ಐಡ್ಲರ್ ಬುಷ್, ಸೆಂಟರ್ ರಾಡ್, ಎರಡು ಟೈ ರಾಡ್, ಸ್ಟೀರಿಂಗ್ ಡ್ಯಾಂಪರ್ ಇಷ್ಟೂ ಸರಿಯಾದ ಮೇಲೂ ಆಟ ಉಳಿದರೆ ಮಾತ್ರ ಅದನ್ನು ಮುಟ್ಟಿ. ಜಾಸ್ತಿ ಬಿಗಿದರೆ ಸ್ಟೀರಿಂಗ್ ನಡುವಿನಲ್ಲಿ ಕಚ್ಚಿಕೊಳ್ಳುತ್ತದೆ, ತಿರುವು ಮುಗಿದ ಮೇಲೆ ತಾನೇ ನೇರಕ್ಕೆ ಬರುವುದಿಲ್ಲ. ಘಾಟಿಯಲ್ಲಿ ಅದು ಅಪಾಯ.

ಶಾಕ್ ಮತ್ತು ಸ್ಪ್ರಿಂಗ್

ಶಾಕ್‌ಗಳನ್ನು ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು, ಒಂದು ಹಳತು ಬೇಡ. ಬಿಲ್‌ಸ್ಟೀನ್‌ನವರ ಬಿ4 ಕಂಪನಿಯ ಮೂಲ ಗುಣಕ್ಕೆ ಹತ್ತಿರ. ಬಿ6 ಅದಕ್ಕಿಂತ ಬಿಗಿ. ಹೆದ್ದಾರಿಯಲ್ಲೇ ಜಾಸ್ತಿ ಓಡಿಸುವವರಿಗೆ ಬಿ6 ಇಷ್ಟವಾದೀತು. ನನ್ನ ದಾರಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ. ಬಿ4 ಸಾಕು. ಒಡ್ಡೊಡ್ಡು ರಸ್ತೆಯಲ್ಲಿ ಬಿಗಿ ಶಾಕ್ ಚಕ್ರವನ್ನು ನೆಲಕ್ಕೆ ಒತ್ತುವ ಬದಲು ಕುಪ್ಪಳಿಸುವ ಹಾಗೆ ಮಾಡುತ್ತದೆ. ಕುಪ್ಪಳಿಸುವ ಚಕ್ರಕ್ಕೆ ಎಲ್ಲಿಯ ಹಿಡಿತ?

ಮನೆಯಲ್ಲೇ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಈ ಕಾರಿನ ಮುಂದಿನ ಸ್ಪ್ರಿಂಗನ್ನು ಅದರ ಜಾಗದಲ್ಲಿ ತಡೆದು ಹಿಡಿದಿರುವುದೇ ಶಾಕ್. ಕೆಳಗಿನ ಆರ್ಮ್‌ಗೆ ಆಸರೆ ಕೊಡದೆ ಶಾಕ್ ಬಿಚ್ಚಿದರೆ ಆರ್ಮ್ ಕೆಳಗೆ ಬಿದ್ದು ಸ್ಪ್ರಿಂಗ್ ಹಾರಬಹುದು. ಜೀವಕ್ಕೇ ಅಪಾಯ. ಸ್ಪ್ರಿಂಗ್ ತೆಗೆಯಲು ಇದಕ್ಕೆಂದೇ ಬೇರೆ ಕಂಪ್ರೆಸರ್ ಬೇಕು. ಅದು ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹಂಪ್ಸ್ ಮೇಲೆ ಒಂದು ಸಲ ಸಂಪ್ (ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಉಜ್ಜಿದರೆ ಆಸೆ ತಾನೇ ಇಳಿಯುತ್ತದೆ. ಹಳೆಯ ಸ್ಪ್ರಿಂಗ್ ಒಂದು ಕಡೆ ಕುಸಿದಿದೆಯಾ ಎಂದು ಮಾತ್ರ ನೋಡಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿಯಿರಿ. ಎಡಕ್ಕೂ ಬಲಕ್ಕೂ ಸ್ವಲ್ಪ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಬದಲಿಸಬೇಕಿಲ್ಲ. ಇದರ ಸ್ಪ್ರಿಂಗ್ ಮೇಲೆ ಕೂರುವ ರಬ್ಬರ್ ಪ್ಯಾಡ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಮೇಲಿರುವ ಗುಬುಟುಗಳನ್ನು ಎಣಿಸಿದರೆ ದಪ್ಪ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಟೈರ್: ಅಳತೆ

ಈ ಕಾರಿನ ಮೂಲ ಅಳತೆ 195/65 ಆರ್15. ಟೈರಿನ ಅಗಲ 195 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 65, ಅಂದರೆ ಸುಮಾರು 127 ಮಿಲಿಮೀಟರ್. ಆರ್ ಅಂದರೆ ರೇಡಿಯಲ್. 15 ರಿಮ್ಮಿನ ಇಂಚು. ಗೋಡೆಯನ್ನು ಎರಡರಿಂದ ಗುಣಿಸಿ, 15 ಇಂಚಿನ 381 ಮಿಲಿಮೀಟರ್ ಕೂಡಿಸಿದರೆ ಇಡೀ ಚಕ್ರದ ಎತ್ತರ ಸುಮಾರು 634.5 ಮಿಲಿಮೀಟರ್. ಅಳತೆ ಬದಲಿಸುವ ಮೊದಲು ಈ ಲೆಕ್ಕ ಮಾಡಲೇಬೇಕು. ಯಾಕೆಂದರೆ ಸ್ಪೀಡೋಮೀಟರ್, ಗೇರಿನ ಎಳೆತ, ಮಡ್‌ಗಾರ್ಡ್ ಒಳಗಿನ ಜಾಗ ಎಲ್ಲವೂ ಈ ಎತ್ತರಕ್ಕೆ ಹೊಂದಿಕೊಂಡಿವೆ.

205/60 ಆರ್15 ಹಾಕಿದರೆ ಎತ್ತರ 627, ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಕಮ್ಮಿಯಾಗುತ್ತದೆ. 205/55 ಆರ್16 ಹಾಕಿದರೆ ಸುಮಾರು 632. 225/45 ಆರ್17 ಹಾಕಿದರೆ ಸುಮಾರು 634. ಲೆಕ್ಕದಲ್ಲಿ ಎಲ್ಲವೂ ಪಾಸು. ಆದರೆ ಗೋಡೆ ನೋಡಿ: 127ರಿಂದ 113ಕ್ಕೆ, ಅಲ್ಲಿಂದ 101ಕ್ಕೆ ಇಳಿಯಿತು. ಗುಂಡಿಗೂ ರಿಮ್ಮಿಗೂ ನಡುವೆ ಇರುವ ದಿಂಬು ಅದು.

ನನ್ನ ಕಾರು ಕೈಗೆ ಬಂದಾಗ ಅದಕ್ಕೆ 17 ಇಂಚಿನ ಅಲಾಯ್ ಇತ್ತು. ನೋಡಲು ಭರ್ಜರಿ. ನಾನು ಮೊದಲ ತಿಂಗಳಲ್ಲಿ ಹಾಕಿಸಿದ ಟೈರ್ ಅದೇ ಅಳತೆಯದು. ಮೊದಲ ಮಳೆಗಾಲದಲ್ಲಿ ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ನೀರು ತುಂಬಿದ ಗುಂಡಿ ಕಾಣಲಿಲ್ಲ. ಒಂದೇ ಏಟು. ರಿಮ್ ಸೊಟ್ಟ, ಟೈರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಉಬ್ಬು ಬಂದ ಟೈರ್ ಒಳಗೆ ದಾರ ತುಂಡಾಗಿರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು ದಿನ, ಭದ್ರಾವತಿ ದಾಟಿ ತರೀಕೆರೆ ಕಡೆ ಬಿ.ಎಚ್. ರಸ್ತೆಯ ನೇರದಲ್ಲಿ. ಆರಿದ್ರಾ ಮಳೆ ಜಡಿಯುತ್ತಿತ್ತು. 85ರಲ್ಲಿ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಸ್ಟೀರಿಂಗ್ ಹಗುರವಾಯಿತು, ಕೈಯಲ್ಲಿ ಏನೂ ಇಲ್ಲದ ಹಾಗೆ. ಅಗಲವಾದ, ಅರ್ಧ ಸವೆದ ಟೈರು ನೀರನ್ನು ಹೊರಹಾಕಲಾಗದೆ ಅದರ ಮೇಲೆ ತೇಲಿತ್ತು. ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟೀರಿಂಗ್ ನೇರ ಹಿಡಿದೆ. ಎರಡು ಕ್ಷಣಕ್ಕೆ ನೆಲ ಸಿಕ್ಕಿತು.

ಮಾರನೇ ವಾರ 15 ಇಂಚಿಗೆ ವಾಪಸ್. ಮಲೆನಾಡಿನಲ್ಲಿ ನನ್ನ ಸಲಹೆ ಇಷ್ಟೇ: ಕಂಪನಿಯ ಅಳತೆ ಇಟ್ಟುಕೊಳ್ಳಿ, ಮನಸ್ಸು ತಡೆಯದಿದ್ದರೆ ಒಂದೇ ಇಂಚು ಏರಿ, ಅದರಾಚೆ ಬೇಡ. 195/65 ಆರ್15ಕ್ಕೆ ಇನ್ನೊಂದು ಅನುಕೂಲವೂ ಇದೆ. ಹಳೆಯ ಆಕ್ಟೇವಿಯಾಕ್ಕೂ ಇದೇ ಅಳತೆ, ಆದ್ದರಿಂದ ಸುಲಭವಾಗಿ ಸಿಗುತ್ತದೆ. ಅಪರೂಪದ ಅಳತೆಯ ಕಾರು ಇಟ್ಟುಕೊಂಡವರ ಪಾಡು ಬೇರೆ. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ಕಡಿವಾಣ ಹಾಕಿತು. ಹೊರಗಿನಿಂದಲೇ ಬರುವ ಟೈರ್ ಬೇಕಿದ್ದರೆ ಮಳೆಗಾಲಕ್ಕೆ ಮೂರು ತಿಂಗಳು ಮೊದಲೇ ವಿಚಾರಿಸಿ.

ಅಂಗಡಿಯಲ್ಲಿ ಏನು ಓದಬೇಕು

ಅಳತೆಯ ಪಕ್ಕದಲ್ಲಿ 91ವಿ ಎಂದಿರುತ್ತದೆ. 91 ಅಂದರೆ ಆ ಟೈರ್ 615 ಕಿಲೋ ಹೊರಬಲ್ಲದು. ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ತನಕ. ಎಚ್ ಇದ್ದರೆ 210, ಟಿ ಇದ್ದರೆ 190. ಘಾಟಿಯಲ್ಲಿ 240 ಯಾರಿಗೆ ಬೇಕು, ಅಲ್ವಾ? ಆದರೂ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರಕ್ಕೆ ಇಳಿಯಬೇಡಿ, ಹೊರೆಯ ಸಂಖ್ಯೆಯನ್ನಂತೂ ಇಳಿಸಲೇಬೇಡಿ.

ಆಮೇಲೆ ಹುಟ್ಟಿದ ದಿನ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಸಾಲು ಒಂದೇ ಪಕ್ಕದಲ್ಲಿ ಪೂರ್ತಿ ಇರಬಹುದು, ಟೈರ್ ತಿರುಗಿಸಿ ನೋಡಿ. ಒಂದು ವರ್ಷಕ್ಕಿಂತ ಹಳತಾದರೆ ನಾನು ಬೇರೆ ಕೇಳುತ್ತೇನೆ. ಹಳೆಯ ಕಾರುಗಳು ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಟ್ರೆಡ್ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿ ಸಾಯುತ್ತದೆ. ನೋಡಲು ಹೊಸದೇ, ಒದ್ದೆ ರಸ್ತೆಯಲ್ಲಿ ಮರದ ಚಕ್ರ. ಆರು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಿ. ಹತ್ತಕ್ಕೆ ಬಂದರೆ ಎಷ್ಟೇ ಟ್ರೆಡ್ ಇದ್ದರೂ ತೆಗೆಯಿರಿ.

ಟ್ರೆಡ್ ಆರಿಸುವಾಗ ಸುತ್ತಲೂ ಓಡುವ ಅಗಲವಾದ ಗ್ರೂವ್ ಎಷ್ಟಿದೆ ನೋಡಿ. ಗ್ರೂವ್ ಅಂದರೆ ನೀರು ಹೋಗುವ ಚರಂಡಿ. ಮೂರು ನಾಲ್ಕು ಆಳವಾದ ಚರಂಡಿ, ಪಕ್ಕಕ್ಕೆ ನೀರು ಎಸೆಯುವ ಸೀಳುಗಳು ಇರಬೇಕು. ಟೂರಿಂಗ್ ಜಾತಿಯ ಟೈರ್ ಕೇಳಿ. ಇಂಧನ ಉಳಿಸುವುದನ್ನೇ ದೊಡ್ಡದಾಗಿ ಬರೆದುಕೊಂಡವುಗಳಿಗೆ ಒದ್ದೆ ಹಿಡಿತ ಹೇಗಿದೆ ಎಂದು ಬೇರೆಯಾಗಿ ವಿಚಾರಿಸಿ. ಎರಡೂ ಒಂದೇ ಗುಣವಲ್ಲ. ಬ್ರ್ಯಾಂಡ್ ವಾದಕ್ಕೆ ನಾನು ಇಳಿಯುವುದಿಲ್ಲ. ಮಿಶೆಲಿನ್, ಯೊಕೊಹಾಮಾ, ಬ್ರಿಡ್ಜ್‌ಸ್ಟೋನ್, ಕಾಂಟಿನೆಂಟಲ್, ಅಪೋಲೊ, ಎಂಆರ್‌ಎಫ್, ಸಿಯಟ್ ಯಾವುದೇ ಇರಲಿ, ನಾಲ್ಕೂ ಒಂದೇ ಮಾದರಿ ಇರಲಿ. ಮುಂದೆ ಒಂದು, ಹಿಂದೆ ಇನ್ನೊಂದು ಮಾದರಿ ಹಾಕಿದ ಕಾರು ಒಣಗಿದ್ದಾಗ ಸುಮ್ನೆ ಇರುತ್ತದೆ, ಮಳೆಯಲ್ಲಿ ತನ್ನ ಬುದ್ಧಿ ತೋರಿಸುತ್ತದೆ.

ಎರಡೇ ಟೈರಿಗೆ ದುಡ್ಡಿದ್ದರೆ? ಹೊಸ ಎರಡನ್ನು ಹಿಂದೆ ಹಾಕಿ. ಅಂಗಡಿಯವರು ಮುಂದೆ ಹಾಕಲು ಹೊರಡುತ್ತಾರೆ, ತಡೆಯಿರಿ. ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಹಿಂದಿನದು ಜಾರಿದರೆ ಕಾರು ಬುಗುರಿ. ಹಿಂದಿನ ಚಕ್ರಕ್ಕೆ ಎಳೆತ ಇರುವ ಕಾರಿಗಂತೂ ಇದು ಇನ್ನೂ ಮುಖ್ಯ.

ಕಾನೂನಿನ ಮಿತಿ 1.6 ಮಿಲಿಮೀಟರ್. ಚರಂಡಿಯೊಳಗಿನ ಸಣ್ಣ ದಿಬ್ಬ ಟ್ರೆಡ್‌ಗೆ ಸಮ ಬಂದರೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಅಷ್ಟು ಕಾಯಬೇಡಿ. ಮೃಗಶಿರ ಹುಟ್ಟುವ ಮೊದಲು ಅಳೆದು ನೋಡಿ, 3 ಮಿಲಿಮೀಟರ್‌ಗೆ ಬಂದಿದ್ದರೆ ಬದಲಿಸಿ.

ರಿಮ್ಮು, ಬೋಲ್ಟು

ಬೇರೆ ರಿಮ್ ಹಾಕುವವರು ಮೂರು ಅಂಕಿ ಹೊಂದಿಸಬೇಕು. ಈ ಕಾರಿಗೆ ಐದು ಬೋಲ್ಟ್, ಅವುಗಳ ವೃತ್ತ 112 ಮಿಲಿಮೀಟರ್, ನಡುವಿನ ತೂತು 66.6 ಮಿಲಿಮೀಟರ್. ಹೊರಗಿನ ಅಲಾಯ್‌ಗಳ ತೂತು ಸಾಮಾನ್ಯವಾಗಿ ದೊಡ್ಡದು. ಆ ಸಂದು ತುಂಬುವ ಹಬ್ ರಿಂಗ್ ಇಲ್ಲದೆ ಹಾಕಿದರೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಕಂಪನಿಯ ಬೋಲ್ಟ್ ತಲೆಯ ಕೆಳಗೆ ಗುಂಡಗಿರುತ್ತದೆ, ಹೊರಗಿನ ಅಲಾಯ್ ಹಲವಕ್ಕೆ ಕೋನ್ ಆಕಾರದ್ದು ಬೇಕು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಸರಿಯಾಗಿ ಕೂತಿರುವುದಿಲ್ಲ. ಅಲಾಯ್‌ನ ಉದ್ದ ಬೋಲ್ಟನ್ನು ಕಬ್ಬಿಣದ ಸ್ಟೆಪ್ನಿಗೆ ಹಾಕಬೇಡಿ. ಹಿಂದೆ ಡಿಸ್ಕ್ ಒಳಗೆ ಹ್ಯಾಂಡ್‌ಬ್ರೇಕಿನ ಶೂ ಇದೆ, ಬೋಲ್ಟ್ ಒಳಗೆ ಹೋಗಿ ಅದಕ್ಕೆ ತಾಗಬಹುದು.

ಬಿಗಿ 110 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಗಾಳಿಯ ಗನ್ನಿನಲ್ಲಿ ಡರ್ರ್ ಎಂದು ಬಿಗಿದದ್ದನ್ನು ಮಳೆಯಲ್ಲಿ, ಕತ್ತಲಲ್ಲಿ, ಕಾರಿನ ವೀಲ್ ಪಾನಾದಲ್ಲಿ ಬಿಚ್ಚಬೇಕಾದವರು ನೀವು.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಹೊಸ ವಾಲ್ವ್ ಹಾಕಿಸಿ. ಬಾಣದ ಗುರುತಿದ್ದರೆ ಓಡುವ ದಿಕ್ಕಿಗೆ ಇರಲಿ. ಔಟ್‌ಸೈಡ್ ಎಂದು ಬರೆದ ಮುಖ ಹೊರಗಿರಲಿ. ಹಳದಿ ಚುಕ್ಕಿ ಇದ್ದರೆ ವಾಲ್ವ್ ಪಕ್ಕಕ್ಕೆ ಬರಲಿ, ಟೈರಿನ ಹಗುರ ಜಾಗ ಅದು. ರಿಮ್ಮಿನ ಅಂಚನ್ನು ಉಜ್ಜಿಸಿ. ನಮ್ಮ ತೇವಕ್ಕೆ ಅಲಾಯ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿ, ಟ್ಯೂಬ್‌ಲೆಸ್ ಟೈರ್ ಅಲ್ಲಿಂದ ಮೆಲ್ಲಗೆ ಗಾಳಿ ಬಿಡುತ್ತದೆ. ಪಂಕ್ಚರ್ ಎಂದು ಹುಡುಕಿ ಹುಡುಕಿ ಸುಸ್ತಾಗುತ್ತೀರಿ.

ಮೊದಲ 300 ಕಿಲೋಮೀಟರ್ ಮೆತ್ತಗೆ ಓಡಿಸಿ. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ.

ಅಲೈನ್‌ಮೆಂಟ್

ಬುಷ್, ಶಾಕ್, ಟೈರ್ ಎಲ್ಲ ಆದ ಮೇಲೆ ಇದು. ಮೊದಲು ಮಾಡಿಸಿದರೆ ದುಡ್ಡು ತುಂಗೆಗೆ ಎಸೆದ ಹಾಗೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಲಿ, ಬೇರೆಲ್ಲೇ ಹೋಗಲಿ, ಮೊದಲು ಎರಡು ಪ್ರಶ್ನೆ ಕೇಳಿ. ನಿಮ್ಮ ಮೆಷಿನ್ನಿನಲ್ಲಿ ನನ್ನ ಕಾರಿನ ಅಂಕಿ ಇದೆಯಾ? ಹಿಂದಿನ ಚಕ್ರವನ್ನೂ ನೋಡುತ್ತೀರಾ? ಒಂದು ಕಡೆ ನನಗೆ ಮುಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಮಾತ್ರ ತಿರುಗಿಸಿ, ಪೂರ್ತಿ ಬಿಲ್ಲು ಕೊಟ್ಟು ಕಳಿಸಿದ್ದರು. ಪ್ರಿಂಟ್ ಕೇಳಿದಾಗ ಹಿಂದಿನ ಎರಡೂ ಚಕ್ರ ಕೆಂಪಿನಲ್ಲಿತ್ತು. ಹಾಗಾಗಿ ಮೊದಲಿನದು, ಆಮೇಲಿನದು ಎರಡೂ ಪ್ರಿಂಟ್ ತೆಗೆದುಕೊಂಡೇ ಬನ್ನಿ.

ಈ ಕಾರಿನಲ್ಲಿ ಮುಂದಿನ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಎರಡನ್ನೂ ಕೆಳಗಿನ ಆರ್ಮ್‌ನ ಒಳಬೋಲ್ಟ್ ತಿರುಗಿಸಿ ಹೊಂದಿಸಬಹುದು. "ಇದಕ್ಕೆ ಅಡ್ಜಸ್ಟ್‌ಮೆಂಟೇ ಇಲ್ಲ" ಎಂದರೆ ನಂಬಬೇಡಿ. ತುಕ್ಕು ಹಿಡಿದಿರಬಹುದು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟುಕೊಂಡು ಹೋಗಿ. ಹಿಂದೆ ಟೋ ಹೊಂದಿಸಬಹುದು. ಟ್ಯಾಂಕ್ ತುಂಬಿಸಿ, ಟೈರಿನ ಗಾಳಿ ಸರಿ ಮಾಡಿ, ಡಿಕ್ಕಿಯ ಹೆಚ್ಚುವರಿ ಸಾಮಾನು ಇಳಿಸಿ ಆಮೇಲೆ ಕಾರು ಏರಿಸಿ.

ಗಾಳಿ: ಪುಕ್ಕಟೆ ಸಿಗುವ ಹಿಡಿತ

ಪೆಟ್ರೋಲ್ ಹಾಕುವ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಖಾಲಿ ಕಾರಿಗೆ ಒಂದು ಅಂಕಿ, ತುಂಬಿದ ಕಾರಿಗೆ ಇನ್ನೊಂದು. ಅದರಿಂದ ಶುರು ಮಾಡಿ. ಟೈರಿನ ಗೋಡೆಯ ಮೇಲಿರುವುದು ಅದರ ಗರಿಷ್ಠ ಮಿತಿ, ಅದನ್ನು ನೋಡಿ ಹೊಡೆಸಬೇಡಿ. ನನ್ನ ಕಾರಿಗೆ ತಣ್ಣಗಿದ್ದಾಗ ಮುಂದೆ 30, ಹಿಂದೆ 32 ಪಿಎಸ್‌ಐ ಹಿತವಾಗಿದೆ. ಬೆಳಿಗ್ಗೆ ಮನೆಯಲ್ಲೇ ಅಳೆಯಿರಿ. ಬಂಕಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿ ಅಂಕಿ ಏರಿರುತ್ತದೆ. ಬಿಸಿಯಲ್ಲಿ 35 ತೋರಿಸಿತು ಎಂದು ಗಾಳಿ ಬಿಟ್ಟರೆ ಮಾರನೇ ದಿನ ಕಮ್ಮಿ ಗಾಳಿಯಲ್ಲಿ ಓಡುತ್ತೀರಿ. ಕಮ್ಮಿ ಗಾಳಿಯ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ. ಸ್ವಲ್ಪ ಕಮ್ಮಿ ಇದ್ದರೆ ಮಳೆಯಲ್ಲಿ ಹಿಡಿತ ಜಾಸ್ತಿ ಎನ್ನುವುದು ತಪ್ಪು ತಿಳುವಳಿಕೆ. ನೈಟ್ರೋಜನ್ ಹಾಕಿಸಬೇಕಾ ಎಂದು ಕೇಳುತ್ತಾರೆ. ಹಾಕಿಸಿ, ತೊಂದರೆ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಇದೆ.

ಒಂದೇ ರಸ್ತೆ, ಒಂದು ನೋಟ್ ಪುಸ್ತಕ

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಸಾಧ್ಯವಾದರೆ ಒಂದೊಂದೇ ಬದಲಿಸಿ, ಒಂದೇ ರಸ್ತೆಯಲ್ಲಿ ಓಡಿಸಿ. ನನ್ನದು ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ತೀರ್ಥಹಳ್ಳಿ. ತುಂಗೆಯ ಪಕ್ಕದ ಸುಮಾರು 60 ಕಿಲೋಮೀಟರ್. ನೇರ, ಉದ್ದ ತಿರುವು, ಕಾಡಿನ ನೆರಳು, ಹಂಪ್ಸು ಎಲ್ಲ ಇದೆ. ಮಂಡಗದ್ದೆಯಲ್ಲಿ ನಿಲ್ಲಿಸಿ ಚಕ್ರದ ಬೋಲ್ಟ್ ಮತ್ತೆ ನೋಡುತ್ತೇನೆ. ಹೊಸದಾಗಿ ಹಾಕಿದ ಚಕ್ರಕ್ಕೆ 50 ಕಿಲೋಮೀಟರ್ ಒಳಗೆ ಒಮ್ಮೆ ನೋಡುವುದು ಒಳ್ಳೆಯದು. ಟೈರಿನ ಮೈಗೆ ಅಂಗೈ ಇಟ್ಟು ನಾಲ್ಕರ ಬಿಸಿ ಹೋಲಿಸುತ್ತೇನೆ. ಒಂದೇ ಚಕ್ರ ಬಿಸಿಯಿದ್ದರೆ ಬ್ರೇಕ್ ಹಿಡಿದಿದೆ, ಇಲ್ಲ ಗಾಳಿ ಕಮ್ಮಿಯಾಗಿದೆ.

ಕೊನೆಯ ಪರೀಕ್ಷೆ ಆಗುಂಬೆ ಘಾಟಿ, 14 ಹೇರ್‌ಪಿನ್. ವೇಗಕ್ಕೆ ಅಲ್ಲ. ಇಳಿಯುವಾಗ ಎರಡನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ, ಬ್ರೇಕಿಗೆ ಉಸಿರಾಡಲು ಬಿಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ನಮ್ಮ ತೇವವನ್ನು ಅದು ಹೀರಿಕೊಳ್ಳುತ್ತದೆ, ಇಳಿಜಾರಿನಲ್ಲಿ ಕುದಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಎಲ್ಲಾದರೂ ಉಜ್ಜುತ್ತದೆಯಾ, ಬಿಟ್ಟಾಗ ತಾನೇ ನೇರಕ್ಕೆ ಬರುತ್ತದೆಯಾ, ತಿರುವಿನಲ್ಲಿ ಸಣ್ಣ ಗುಂಡಿ ಸಿಕ್ಕಾಗ ಹಿಂಬದಿ ಸುಮ್ನೆ ಹಿಂದೆ ಬರುತ್ತದೆಯಾ, ಇಷ್ಟನ್ನು ಗಮನಿಸಿ. ಬುಷ್ ಬದಲಿಸಿದ ಮೇಲೆ ಮೊದಲ ಸಲ ಇಳಿದಾಗ ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಏಳನೇ ತಿರುವಿನ ಹೊತ್ತಿಗೆ ನಿದ್ದೆ ಹೋಗಿದ್ದರು. ಅದಕ್ಕೂ ಮುಂಚೆ ಬಾಗಿಲ ಹಿಡಿ ಬಿಡುತ್ತಿರಲಿಲ್ಲ.

ಸ್ಟೆಪ್ನಿ

ಎಲ್ಲ ಮುಗಿಯಿತು ಎಂದುಕೊಂಡು ಡಿಕ್ಕಿಯ ಚಾಪೆ ಎತ್ತದವರೇ ಜಾಸ್ತಿ. ನಾನೂ ಎತ್ತಿರಲಿಲ್ಲ. ಒಂದು ದಿನ ಎತ್ತಿ ನೋಡಿದರೆ ನೆಲ ಮುಟ್ಟದ ಟೈರು, ಕೂದಲಿನಂಥ ರಬ್ಬರ್ ಎಳೆಗಳೂ ಹಾಗೇ ಇವೆ. ಡಿಒಟಿ ಸಾಲಿನ ಕೊನೆಗೆ ನಾಲ್ಕಲ್ಲ, ಮೂರೇ ಅಂಕಿ: 306. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನ ಟೈರ್ ಎಂದು ಅರ್ಥ. 1996ರ 30ನೇ ವಾರ. ಕಾರಿನ ಜೊತೆಗೇ ಹುಟ್ಟಿದ್ದು. ಇಷ್ಟು ವರ್ಷ ಅದನ್ನು ನಂಬಿಕೊಂಡು ಘಾಟಿ ಹತ್ತಿ ಇಳಿದವರು ಎಷ್ಟು ಜನರೋ. ತೆಗೆದ ನಾಲ್ಕು ಟೈರುಗಳಲ್ಲಿ ಚೆನ್ನಾಗಿರುವುದನ್ನೇ ಸ್ಟೆಪ್ನಿ ಮಾಡುವ ಅಭ್ಯಾಸವೂ ಬೇಡ, ಅಳತೆ ಬದಲಾಗಿದ್ದರೆ ಅದು ಕೆಲಸಕ್ಕೂ ಬರುವುದಿಲ್ಲ. ಐದನೆಯದನ್ನೂ ಹೊಸದೇ ಕೊಂಡೆ. 1996ರದ್ದು ಈಗ ತೀರ್ಥಹಳ್ಳಿಯಲ್ಲಿ ಭಾವನ ಮನೆ ಅಂಗಳದ ಹಲಸಿನ ಮರಕ್ಕೆ ಹಗ್ಗದಲ್ಲಿ ಜೋತುಬಿದ್ದಿದೆ. ಮಕ್ಕಳು ಉಯ್ಯಾಲೆ ಆಡುತ್ತಾರೆ. ಟ್ರೆಡ್ ಇನ್ನೂ ಪೂರ್ತಿ ಇದೆ.